ಗಾದಿ ಕೈಯಲ್ಲಿತ್ತು, ಬಿಟ್ಟುಕೊಟ್ಟರು: ಸುರಪುರದ ಟೇಲರ್ ಸಾಹೇಬರು

ಸುರಪುರ: ಗುಡ್ಡದ ಮೇಲಿನ ಟೇಲರ್ ಮಂಜಿಲ್ ನೋಡದವರು ನಮ್ಮ ತಾಲೂಕಿನಾಗ ಕಮ್ಮಿ. ಅದನ್ನ ಕಟ್ಟಿಸಿದ ಫಿಲಿಪ್ ಮೆಡೋಸ್ ಟೇಲರ್ ಎಂಥವರು ಅನ್ನೋದು ಬಹಳ ಮಂದಿಗೆ ಗೊತ್ತಿಲ್ಲ.

1808ರಲ್ಲಿ ಲಿವರ್‌ಪೂಲ್‌ನಲ್ಲಿ ಹುಟ್ಟಿದ ಟೇಲರ್, 15ನೇ ವಯಸ್ಸಿಗೇ ಮುಂಬೈಗೆ ದುಡಿಯಲಿಕ್ಕೆ ಬಂದರು. ಕಾಲೇಜು ಮೆಟ್ಟಿಲು ಹತ್ತಿದವರಲ್ಲ. ನಿಜಾಮರ ಫೌಜು ಸೇರಿ ಭಾಷೆ, ಕಾನೂನು, ಸರ್ವೇ ಎಲ್ಲಾ ತಾವೇ ಕಲಿತರು.

1841ರಲ್ಲಿ ಸುರಪುರಕ್ಕೆ ಬಂದರು. ರಾಜಾ ಕೃಷ್ಣಪ್ಪ ನಾಯಕರು ತೀರಿಕೊಂಡಾಗ ಮಗ ವೆಂಕಟಪ್ಪ ನಾಯಕರು ಇನ್ನೂ ಸಣ್ಣವರು. ಮುಂದೆ ಖಜಾನೆ, ಕಂದಾಯ, ನ್ಯಾಯ ಎಲ್ಲಾ ಟೇಲರ್ ಕೈಗೆ ಬಂತು. ಬೋನಾಳ ಕೆರೆ ಸುಧಾರಿಸಿದರು. ಬಾಲರಾಜರಿಗೆ ಅವರೇ ಅಪ್ಪನಂಗಿದ್ದರು. 1853ರಲ್ಲಿ ರಾಜರು ವಯಸ್ಸಿಗೆ ಬಂದರು. ಟೇಲರ್ ಅಧಿಕಾರ ಒಪ್ಪಿಸಿ ಊರು ಬಿಟ್ಟರು.

ಖರೇ ಪರೀಕ್ಷೆ ಆಮೇಲೆ ಬಂತು. 1858ರಲ್ಲಿ ವೆಂಕಟಪ್ಪ ನಾಯಕರು ಬ್ರಿಟಿಷರ ವಿರುದ್ಧ ನಿಂತು ಸೆರೆಯಾದರು. ಟೇಲರ್ ಆಗ ಅದೇ ಬ್ರಿಟಿಷರ ನೌಕರ. ಆದ್ರೂ ಮಾರಿ ತಿರುಗಿಸಲಿಲ್ಲ, ಹೈದರಾಬಾದಿನ ಸೆರೆಗೇ ಹೋಗಿ ಕಂಡರು. ಹಿಂದೆ ನಿಂತವರ ಹೆಸರು ಕೇಳಿದರು. ರಾಜರು ಯಾರ ಹೆಸರೂ ಹೇಳಲಿಲ್ಲ. ಅದೇ ವರ್ಷ ಗುಂಡೇಟಿಗೆ ರಾಜರು ತೀರಿಕೊಂಡರು. ಟೇಲರ್ 1876ರಲ್ಲಿ ಫ್ರಾನ್ಸ್‌ನಲ್ಲಿ ಕಣ್ಣು ಮುಚ್ಚಿದರು.

ಅವರು ಪರದೇಶದ ಸಾಹೇಬರೇ, ಅದು ಸುಳ್ಳಲ್ಲ. ಆದ್ರ ಇನ್ನೊಬ್ಬರ ಗಾದಿಯನ್ನ ವರ್ಷಗಟ್ಟಲೆ ಕಾಯ್ದು ಹೊತ್ತಿಗೆ ಸರಿಯಾಗಿ ವಾಪಸ್ ಕೊಟ್ಟರು. ಕೊಟ್ಟ ಮೇಲೂ ಆ ಮಗನನ್ನ ಮರೀಲಿಲ್ಲ.