ರಾಬರ್ಟ್ ಬ್ರೂಸ್ ಫೂಟ್ (1834–1912): ಧಾರವಾಡ ಶಿಲೆಗಳಿಗೆ ಹೆಸರಿತ್ತ ಭೂವಿಜ್ಞಾನಿ

ಕೊಳವೆಬಾವಿ, ಕಲ್ಲುಗಣಿ ಹಾಗೂ ಖನಿಜ ಅನ್ವೇಷಣೆಗೆ ಸಂಬಂಧಿಸಿದ ತಾಂತ್ರಿಕ ವರದಿಗಳಲ್ಲಿ ಧಾರವಾಡ ಶಿಸ್ಟ್, ಧಾರವಾಡ ಶಿಲಾಸಮೂಹ ಮುಂತಾದ ಪದಗಳನ್ನು ಅರ್ಜಿದಾರರು ಕಂಡಿರಬಹುದು. ಸಂಬಂಧಿಸಿದ ಜಮೀನು ಚಿತ್ರದುರ್ಗ ಅಥವಾ ಶಿವಮೊಗ್ಗ ಜಿಲ್ಲೆಯಲ್ಲಿದ್ದರೂ ವರದಿಯಲ್ಲಿ ಧಾರವಾಡದ ಹೆಸರು ಬರುವುದು ಬರವಣಿಗೆಯ ಲೋಪವಲ್ಲ. ದಕ್ಷಿಣ ಭಾರತದ ಅತಿ ಪ್ರಾಚೀನ ಶಿಲಾಪಟ್ಟಿಗಳಿಗೆ 1880ರ ದಶಕದಲ್ಲಿ ಈ ಹೆಸರನ್ನಿತ್ತವರು ರಾಬರ್ಟ್ ಬ್ರೂಸ್ ಫೂಟ್‌ರವರು.

ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್‌ನಲ್ಲಿ 1834ರ ಸೆಪ್ಟೆಂಬರ್ 22ರಂದು ಜನಿಸಿದ ಇವರು 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯನ್ನು ಸೇರಿದರು. 1863ರ ಮೇ 30ರಂದು ಮದ್ರಾಸಿನ ಸಮೀಪದ ಪಲ್ಲಾವರಂನಲ್ಲಿ ಶಿಲಾಯುಗದ ಕಲ್ಲಿನ ಆಯುಧವೊಂದನ್ನು ಗುರುತಿಸಿದ್ದರಿಂದ ಭಾರತೀಯ ಪ್ರಾಗಿತಿಹಾಸದ ಪಿತಾಮಹರೆಂದು ಪ್ರಸಿದ್ಧರಾಗಿದ್ದಾರೆ. ಈ ಪ್ರಸಿದ್ಧಿಯ ಮರೆಯಲ್ಲಿ ಅವರ ಮೂಲ ವೃತ್ತಿಯ ಸಾಧನೆ ಸಾಮಾನ್ಯ ಓದುಗರಿಗೆ ಅಷ್ಟಾಗಿ ಪರಿಚಯವಾಗಿಲ್ಲ.

ಅಂದು ದಕ್ಷಿಣ ಮರಾಠಾ ಸೀಮೆ ಎನಿಸಿಕೊಂಡಿದ್ದ ಧಾರವಾಡ, ಬೆಳಗಾವಿ, ಕಲಾದಗಿ ಭಾಗಗಳ ಸರ್ವೇಕ್ಷಣೆಯನ್ನು ಫೂಟ್‌ರವರು ಕೈಗೊಂಡು, ಅದರ ವರದಿಯನ್ನು 1876ರಲ್ಲಿ ಪ್ರಕಟಿಸಿದರು. ಗೋಕಾಕದ ಬಳಿ ದೊರೆತ ಅಳಿದುಹೋದ ಘೇಂಡಾಮೃಗದ ಪಳೆಯುಳಿಕೆಯನ್ನು ವಿವರಿಸಿದವರೂ, ಬಾಗಲಕೋಟೆ ಭಾಗದ ಮರಳುಗಲ್ಲು ಮತ್ತು ಸುಣ್ಣಕಲ್ಲುಗಳ ಶ್ರೇಣಿಗೆ ಕಲಾದಗಿ ಊರಿನ ಹೆಸರಿಟ್ಟವರೂ ಇವರೇ. ಕಪ್ಪತಗುಡ್ಡವು ಆಗ ಧಾರವಾಡ ಜಿಲ್ಲೆಗೆ ಸೇರಿದ್ದು, ಡಂಬಳದ ಗುಡ್ಡಗಳೆಂದು ದಾಖಲೆಗಳಲ್ಲಿ ಕರೆಯಲ್ಪಡುತ್ತಿತ್ತು. ಅಲ್ಲಿಯ ಹಳ್ಳಗಳ ಮರಳನ್ನು ಜಾಲಿಸಿ ಜಾಲಗಾರರು ಚಿನ್ನದ ಕಣಗಳನ್ನು ಸಂಗ್ರಹಿಸುತ್ತಿದ್ದರು. ಆ ಚಿನ್ನ ಯಾವ ಶಿಲೆಯಿಂದ ಬರುತ್ತದೆ ಎಂಬುದರ ಬಗ್ಗೆ ಫೂಟ್‌ರವರ ಲೇಖನ 1874ರಲ್ಲಿ ಪ್ರಕಟವಾಯಿತು.

ಅಲ್ಲಿಯವರೆಗೆ ಈ ನಾಡಿನ ಹಳೆಯ ಗಟ್ಟಿ ಶಿಲೆಗಳೆಲ್ಲವನ್ನೂ ಬಹುಮಟ್ಟಿಗೆ ಒಂದೇ ವರ್ಗದಲ್ಲಿ ಸೇರಿಸಲಾಗುತ್ತಿತ್ತು. ಫೂಟ್‌ರವರು ಗುಡ್ಡದಿಂದ ಗುಡ್ಡಕ್ಕೆ ನಡೆದು, ಹಸಿರು ಛಾಯೆಯ ಪದರುಗಲ್ಲು, ಕಬ್ಬಿಣಯುಕ್ತ ಬೆಣಚುಕಲ್ಲು, ಉರುಟುಕಲ್ಲುಗಳ ಶಿಲೆ ಇವೆಲ್ಲ ಒಟ್ಟಿಗೆ ಮಡಿಚಿಕೊಂಡು ಉತ್ತರ–ವಾಯವ್ಯದಿಂದ ದಕ್ಷಿಣ–ಆಗ್ನೇಯಕ್ಕೆ ಉದ್ದನೆಯ ಪಟ್ಟಿಗಳಾಗಿ ಸಾಗುವುದನ್ನು ಗುರುತಿಸಿದರು. ಸುತ್ತಲಿನ ನೈಸ್ ಶಿಲೆಗಿಂತ ಇವು ಬೇರೆ ಎಂದೂ, ದಕ್ಷಿಣ ಭಾರತದ ಚಿನ್ನ ಮುಖ್ಯವಾಗಿ ಇವುಗಳಲ್ಲಿಯೇ ಇದೆ ಎಂದೂ 1888ರ ಲೇಖನದಲ್ಲಿ ಪ್ರತಿಪಾದಿಸಿದರು. ಚಿನ್ನ ಅರಸುವವರಿಗೆ ಎಲ್ಲಿ ಅಗೆಯಬೇಕು ಎಂಬುದಷ್ಟೇ ಅಲ್ಲ, ಎಲ್ಲಿ ಅಗೆದು ಹಣ ಕಳೆದುಕೊಳ್ಳಬಾರದು ಎಂಬುದೂ ಇದರಿಂದ ತಿಳಿಯಿತು. ಹಾಗೆಂದು ಈ ಶಿಲೆ ಇದ್ದಲ್ಲೆಲ್ಲ ಗಣಿ ಉಳಿಯಲಿಲ್ಲ. ಗದಗ ಭಾಗದ ಚಿನ್ನದ ಗಣಿಗಳು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕೆಲಕಾಲ ನಡೆದು ನಿಂತುಹೋದವು. ಕೋಲಾರದ ಗಣಿ 2001ರಲ್ಲಿ ಮುಚ್ಚಿತು. ಹಟ್ಟಿಯ ಗಣಿ ಈಗಲೂ ನಡೆಯುತ್ತಿದೆ.

ಎಲ್ಲರೂ ಇವರ ಅಭಿಪ್ರಾಯವನ್ನು ಒಪ್ಪಿದರೆಂದಲ್ಲ. ಮೈಸೂರು ಸಂಸ್ಥಾನದ ಭೂವಿಜ್ಞಾನಿ ಸ್ಮೀತ್‌ರವರು ಧಾರವಾಡ ಶಿಲೆಗಳೇ ಹಳೆಯವು, ನೈಸ್ ಅನಂತರದ್ದು ಎಂದು ವಾದಿಸಿದರು. ಶಿಲೆಗಳ ವಯಸ್ಸನ್ನು ಅಳೆಯುವ ವಿಧಾನಗಳು ಬಂದ ಮೇಲೆ ಇಬ್ಬರ ಮಾತಿನಲ್ಲೂ ಹುರುಳಿದೆ ಎಂದು ತಿಳಿದುಬಂದಿತು. ನೈಸ್‌ಗಿಂತ ಹಳೆಯ ಸರಗೂರು ಶಿಲೆಗಳೂ ಇವೆ. ನೈಸ್‌ನ ಮೇಲೆ ಸುಮಾರು 290 ರಿಂದ 260 ಕೋಟಿ ವರ್ಷಗಳ ಹಿಂದೆ ಸಂಚಯಗೊಂಡ ಧಾರವಾಡ ಶಿಲೆಗಳೂ ಇವೆ.

1891ರಲ್ಲಿ ನಿವೃತ್ತರಾದ ಫೂಟ್‌ರವರು ಬರೋಡಾ ಸಂಸ್ಥಾನದಲ್ಲಿ ಸೇವೆ ಸಲ್ಲಿಸಿದರು. 1894ರಲ್ಲಿ ಮೈಸೂರು ಸಂಸ್ಥಾನದಲ್ಲಿ ಭೂವಿಜ್ಞಾನ ಇಲಾಖೆ ಸ್ಥಾಪನೆಯಾದಾಗ ಅದರ ಆರಂಭದ ಹೊಣೆಯನ್ನೂ ಹೊತ್ತರು. ನಂತರ ಯರ್ಕಾಡಿನಲ್ಲಿ ನೆಲೆಸಿದ್ದು, 1912ರ ಡಿಸೆಂಬರ್ 29ರಂದು ಕಲ್ಕತ್ತೆಯಲ್ಲಿ ನಿಧನ ಹೊಂದಿದರು.

ಅದೇ 1912ರ ಜನವರಿ 6ರಂದು ಜರ್ಮನಿಯ ಆಲ್‌ಫ್ರೆಡ್ ವೆಗೆನರ್‌ರವರು, ಖಂಡಗಳು ಹಿಂದೆ ಒಂದಾಗಿದ್ದು ಮುಂದೆ ಬೇರ್ಪಟ್ಟು ಚಲಿಸಿದವು ಎಂಬ ವಾದವನ್ನು ಮೊದಲ ಬಾರಿಗೆ ಮಂಡಿಸಿದ್ದರು. ಭಾರತ ಮತ್ತು ಆಫ್ರಿಕಾಗಳ ನಡುವಿನ ಭೂಮಿ ಸಮುದ್ರದಲ್ಲಿ ಮುಳುಗಿತೆಂದು ಫೂಟ್‌ರವರ ಕಾಲದ ಹಲವು ವಿದ್ವಾಂಸರು ನಂಬಿದ್ದರು. ವೆಗೆನರ್‌ರ ವಾದಕ್ಕೆ ವ್ಯಾಪಕ ಮನ್ನಣೆ ದೊರೆತದ್ದು 1960ರ ದಶಕದಲ್ಲಿ, ಭೂಫಲಕಗಳ ಸಿದ್ಧಾಂತ ರೂಪುಗೊಂಡಾಗ. ಗೊಂಡ್ವಾನಾ ಎಂಬ ಮಹಾಖಂಡ ಒಡೆದು, ಸುಮಾರು 9 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟಿತು. ಮಲ್ಪೆಯ ಬಳಿಯ ಸೇಂಟ್ ಮೇರಿ ದ್ವೀಪದ ಕಂಬದಾಕಾರದ ಶಿಲೆಗಳು ಆ ಒಡಕಿನ ಕಾಲದವು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಸೇಶೆಲ್ಸ್ ಬೇರ್ಪಡುವ ಹೊತ್ತಿಗೆ ಉಕ್ಕಿದ ಲಾವಾ, ಫೂಟ್‌ರವರು ಬೆಳಗಾವಿ ಭಾಗದಲ್ಲಿ ನಕ್ಷೆಗಿಳಿಸಿದ ದಖ್ಖನಿನ ಕಪ್ಪುಕಲ್ಲಾಯಿತು. ಉತ್ತರಕ್ಕೆ ಸರಿದ ಭಾರತದ ಫಲಕ ಸುಮಾರು 5 ಕೋಟಿ ವರ್ಷಗಳ ಹಿಂದೆ ಏಷ್ಯಾಕ್ಕೆ ಡಿಕ್ಕಿ ಹೊಡೆದಿದ್ದು, ಈಗಲೂ ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಚಲಿಸುತ್ತಿದೆ.

ಈ ಪಯಣದಲ್ಲಿ ಬಹುಮಟ್ಟಿಗೆ ಒಡೆಯದೆ ಉಳಿದ ಪುರಾತನ ತಿರುಳನ್ನು ವಿಜ್ಞಾನಿಗಳು ಧಾರವಾಡ ಕ್ರೇಟಾನ್ ಎನ್ನುತ್ತಾರೆ. ಹುಬ್ಬಳ್ಳಿ-ಧಾರವಾಡ ಅವಳಿ ನಗರ ನಿಂತಿರುವುದು ಇದರ ಮೇಲೆಯೇ. ಇದರ ಪಶ್ಚಿಮ ಭಾಗವನ್ನು ಹೋಲುವ ಶಿಲೆಗಳು ಮಡಗಾಸ್ಕರಿನ ಈಶಾನ್ಯ ತೀರದಲ್ಲಿವೆ. ಫೂಟ್‌ರವರ ಕಾಲದ ಇಂಗ್ಲಿಷ್ ಬರಹದಲ್ಲಿ ಊರಿನ ಹೆಸರು ಧಾರ್ವಾರ್ ಎಂದಿತ್ತು. ಸರ್ಕಾರಿ ಕಡತಗಳಲ್ಲಿ ಅದು ಧಾರವಾಡವಾಗಿದೆ, 1997ರಲ್ಲಿ ಜಿಲ್ಲೆಯೂ ವಿಭಜನೆಗೊಂಡು ಕಪ್ಪತಗುಡ್ಡ ಗದಗಕ್ಕೆ ಸೇರಿದೆ. ವಿಜ್ಞಾನದ ಇಂಗ್ಲಿಷ್ ಗ್ರಂಥಗಳಲ್ಲಿ ಮಾತ್ರ ಶಿಲೆಯ ಹೆಸರು ಇಂದಿಗೂ ಧಾರ್ವಾರ್ ಎಂದೇ ಇದೆ.