ಗ್ರಂಥ, ಕ್ಷಾಮ ಮತ್ತು ವಿಶ್ವಾಸ: ಪಂಡಿತಾ ರಮಾಬಾಯಿಯವರ ಬದುಕಿನ ಒಂದು ಅವಲೋಕನ

ಆಧುನಿಕ ಭಾರತದ ಸ್ತ್ರೀ ಚಿಂತನೆಯ ಚರಿತ್ರೆಯಲ್ಲಿ ಪಂಡಿತಾ ರಮಾಬಾಯಿ (1858-1922) ಅವರ ಹೆಸರು ಮುಖ್ಯವಾಗಿ ಎರಡು ನೆಲೆಗಳಲ್ಲಿ ಉಲ್ಲೇಖಗೊಳ್ಳುತ್ತ ಬಂದಿದೆ. ಸಮಾಜ ಸುಧಾರಣೆಯ ಚರಿತ್ರೆಕಾರರಿಗೆ ಅವರು ವಿಧವೆಯರ ಶಿಕ್ಷಣಕ್ಕಾಗಿ ಶ್ರಮಿಸಿದ ವಿದುಷಿ. ಮಿಶನರಿ ಬರೆಹಗಳಿಗೆ ಕ್ರೈಸ್ತ ಮತವನ್ನು ಸ್ವೀಕರಿಸಿದ ಬ್ರಾಹ್ಮಣ ಮಹಿಳೆ. ಈ ಎರಡು ಕಥನಗಳ ನಡುವೆ ಒಂದು ಪ್ರಶ್ನೆ ಮರೆಗೆ ಸರಿದಿದೆ. ಶಾಸ್ತ್ರವನ್ನು ಸಂಪೂರ್ಣವಾಗಿ ನಂಬಿ ಹಸಿವಿನಿಂದ ಅಳಿದ ಕುಟುಂಬದ ಮಗಳಿಗೆ ಮತ್ತೊಂದು ಧರ್ಮಗ್ರಂಥವನ್ನು ನಂಬುವುದು ಹೇಗೆ ಸಾಧ್ಯವಾಯಿತು? ಆ ಎರಡನೆಯ ವಿಶ್ವಾಸ ಮೊದಲನೆಯದಕ್ಕಿಂತ ಯಾವ ಬಗೆಯಲ್ಲಿ ಭಿನ್ನವಾಗಿತ್ತು? ಅವರ ಬದುಕಿನ ಘಟನೆಗಳನ್ನು ಈ ಪ್ರಶ್ನೆಯ ಬೆಳಕಿನಲ್ಲಿ ಮತ್ತೆ ಓದುವುದು ಅಗತ್ಯವಾಗಿದೆ.

ಪುರಾಣಿಕರ ಮನೆತನ

ರಮಾಬಾಯಿ ಹುಟ್ಟಿದ್ದು 1858ರ ಏಪ್ರಿಲ್ 23ರಂದು, ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಚಿತ್ಪಾವನ ಬ್ರಾಹ್ಮಣರು, ಸಂಸ್ಕೃತ ವಿದ್ವಾಂಸರು. ಪತ್ನಿ ಲಕ್ಷ್ಮೀಬಾಯಿಯವರಿಗೆ ಅವರು ಸಂಸ್ಕೃತ ಕಲಿಸಿದ್ದು ಸಂಪ್ರದಾಯಸ್ಥರ ಆಕ್ಷೇಪಕ್ಕೆ ಗುರಿಯಾಯಿತು. ಉಡುಪಿಯ ವಿದ್ವತ್ಸಭೆಯ ಎದುರು ನಿಂತು, ಹೆಣ್ಣು ಸಂಸ್ಕೃತ ಕಲಿಯುವುದಕ್ಕೆ ಶಾಸ್ತ್ರದ ವಿರೋಧವಿಲ್ಲವೆಂದು ಅವರು ಪ್ರಮಾಣಗಳ ಸಹಿತ ವಾದಿಸಬೇಕಾಯಿತು. ಗ್ರಂಥವನ್ನು ಒಪ್ಪಿಕೊಂಡೇ ಗ್ರಂಥದ ಹೆಸರಿನಲ್ಲಿ ಮಾತನಾಡುವವರನ್ನು ಪ್ರಶ್ನಿಸುವ ಈ ಕ್ರಮ ಮಗಳಿಗೆ ಬಂದ ಮೊದಲ ಬಳುವಳಿ ಎನ್ನಬಹುದು.

ರಮಾಬಾಯಿ ಕೆಲವು ತಿಂಗಳ ಕೂಸಾಗಿದ್ದಾಗಲೇ ಕುಟುಂಬ ಗಂಗಾಮೂಲವನ್ನು ಬಿಟ್ಟಿತು. ಬೆತ್ತದ ಪೆಟ್ಟಿಗೆಯಲ್ಲಿ ಮಲಗಿಸಿ ಆಳೊಬ್ಬನ ತಲೆಯ ಮೇಲೆ ಮಗುವನ್ನು ಸಾಗಿಸಲಾಯಿತು. ಅಲ್ಲಿಂದ ಮುಂದೆ ತೀರ್ಥಕ್ಷೇತ್ರಗಳಲ್ಲಿ ಪುರಾಣ ಪಠಣ ಮಾಡಿ, ಕೇಳುಗರು ಕೊಟ್ಟ ದಕ್ಷಿಣೆಯಿಂದ ಬದುಕುವ ಅಲೆಮಾರಿ ಜೀವನ. ತಾಯಿಯೇ ಗುರುವಾಗಿ ಮಗಳಿಗೆ ಭಾಗವತವನ್ನು ಕಂಠಪಾಠ ಮಾಡಿಸಿದರು. ಕನ್ನಡವೂ ಸೇರಿದಂತೆ ಹಲವು ಭಾಷೆಗಳು ಈ ತಿರುಗಾಟದಲ್ಲಿಯೇ ರಮಾಬಾಯಿಯವರಿಗೆ ದಕ್ಕಿದವು.

1870ರ ದಶಕದ ಕ್ಷಾಮ ಈ ಕುಟುಂಬವನ್ನು ನುಂಗಿತು. ಉಳಿದಿದ್ದ ಹಣ ದಾನಕ್ಕೂ ವ್ರತಕ್ಕೂ ವೆಚ್ಚವಾಯಿತು. ಪುಣ್ಯದ ಫಲವಾಗಿ ದೇವರು ಕೈಹಿಡಿಯುವನೆಂದು ಅವರು ಉಪವಾಸವಿದ್ದು ಕಾದರು. ಕೂಲಿ ಮಾಡಿ ಉಣ್ಣುವುದು ಅವರ ಜಾತಿಗೂ ವಿದ್ಯೆಗೂ ಸಲ್ಲದ ಕೆಲಸವಾಗಿತ್ತು. ಬೇರೆ ಯಾವ ಕಸುಬನ್ನೂ ಅವರು ಕಲಿತಿರಲಿಲ್ಲ. ಮೊದಲು ತಂದೆ, ಕೆಲವು ವಾರಗಳಲ್ಲಿ ತಾಯಿ, ಆಮೇಲೆ ಅಕ್ಕ ಕೃಷ್ಣಾಬಾಯಿ ತೀರಿಕೊಂಡರು. ತಾಯಿಯ ಶವ ಹೊರಲು ಸಾಕಷ್ಟು ಜನ ಸಿಗದೆ ರಮಾಬಾಯಿಯವರೂ ಹೆಗಲು ಕೊಡಬೇಕಾಯಿತು. ಎತ್ತರ ಸಾಲದ್ದರಿಂದ ಚಟ್ಟದ ಒಂದು ತುದಿಯನ್ನು ಅವರು ತಲೆಯ ಮೇಲೆ ಹೊತ್ತರು.

ಅಣ್ಣ ಶ್ರೀನಿವಾಸಶಾಸ್ತ್ರಿಗಳೊಡನೆ ಕಾಲ್ನಡಿಗೆಯಲ್ಲಿ ಉತ್ತರ ಭಾರತವನ್ನೆಲ್ಲ ಸುತ್ತಿ 1878ರಲ್ಲಿ ಕಲ್ಕತ್ತೆಯನ್ನು ತಲುಪುವ ಹೊತ್ತಿಗೆ ಅವರ ಹಳೆಯ ನಂಬಿಕೆ ಶಿಥಿಲವಾಗಿತ್ತು. ಅಲ್ಲಿನ ವಿದ್ವಾಂಸರು ಅವರಿಗೆ ಪಂಡಿತಾ, ಸರಸ್ವತಿ ಎಂಬ ಬಿರುದುಗಳನ್ನಿತ್ತರು. ವಿಪರ್ಯಾಸವೆಂದರೆ, ಸನ್ಮಾನದ ಆ ದಿನಗಳಲ್ಲಿಯೇ ಧರ್ಮಶಾಸ್ತ್ರಗಳ ವ್ಯವಸ್ಥಿತ ಓದು ಅವರ ಸಂಶಯವನ್ನು ಗಟ್ಟಿಗೊಳಿಸಿತು. ಉಳಿದೆಲ್ಲ ವಿಷಯಗಳಲ್ಲಿ ಪರಸ್ಪರ ಭಿನ್ನವಾಗುವ ಶಾಸ್ತ್ರಗಳು ಹೆಣ್ಣು ಮತ್ತು ಶೂದ್ರರ ಅನರ್ಹತೆಯ ವಿಷಯದಲ್ಲಿ ಮಾತ್ರ ಒಮ್ಮತ ಹೊಂದಿವೆ ಎಂಬ ತೀರ್ಮಾನಕ್ಕೆ ಅವರು ಬಂದರು. ಹೆಣ್ಣಿಗೆ ನಿಷಿದ್ಧವೆಂದು ತಿಳಿದಿದ್ದ ವೇದದ ಪ್ರತಿಯನ್ನು ಕೇಶವಚಂದ್ರ ಸೇನರು ಕೈಗಿತ್ತಾಗ ಅದನ್ನೂ ಓದಿದರು.

ದೀಕ್ಷೆ ಮತ್ತು ಭಿನ್ನಮತ

1880ರಲ್ಲಿ ಅಣ್ಣ ತೀರಿಕೊಂಡರು. ಅದೇ ವರ್ಷ ಬಂಗಾಳದ ವಕೀಲ, ಬ್ರಾಹ್ಮಣೇತರರಾದ ಬಿಪಿನ್ ಬಿಹಾರಿ ದಾಸ್ ಮೇಧಾವಿಯವರೊಡನೆ ಸಿವಿಲ್ ವಿವಾಹವಾಯಿತು. 1881ರಲ್ಲಿ ಮಗಳು ಮನೋರಮಾ ಹುಟ್ಟಿದಳು. 1882ರ ಫೆಬ್ರವರಿಯಲ್ಲಿ ಪತಿ ಕಾಲರಾಕ್ಕೆ ಬಲಿಯಾದರು. ಮನೆಯ ಪುಸ್ತಕಗಳ ನಡುವೆ ಲೂಕನ ಸುವಾರ್ತೆಯ ಬಂಗಾಳಿ ಅನುವಾದ ಅವರ ಕೈಗೆ ಸಿಕ್ಕಿದ್ದು ಈ ಅಲ್ಪಕಾಲದ ದಾಂಪತ್ಯದಲ್ಲಿ. ಸಿಲ್ಚಾರಿನ ಬ್ಯಾಪ್ಟಿಸ್ಟ್ ಮಿಶನರಿಯೊಬ್ಬರು ಸೃಷ್ಟಿಯ ಕಥೆಯನ್ನು ವಿವರಿಸಿದ್ದರು. ಆದರೆ ಮತಾಂತರ ಆಗಲೇ ನಡೆಯಲಿಲ್ಲ. ಪುಣೆಗೆ ಬಂದ ಅವರು ಆರ್ಯ ಮಹಿಳಾ ಸಮಾಜವನ್ನು ಕಟ್ಟಿದರು. ಹಂಟರ್ ಶಿಕ್ಷಣ ಆಯೋಗದ ಎದುರು ಹೆಣ್ಣುಮಕ್ಕಳಿಗೆ ಶಿಕ್ಷಕಿಯರೂ ವೈದ್ಯೆಯರೂ ಬೇಕೆಂದು ಸಾಕ್ಷ್ಯ ನುಡಿದರು.

1883ರಲ್ಲಿ ವೈದ್ಯಕೀಯ ಕಲಿಯುವ ಉದ್ದೇಶದಿಂದ ಇಂಗ್ಲೆಂಡಿಗೆ ಹೋದರು. ಕಿವಿ ಮಂದವಾಗುತ್ತಿದ್ದುದರಿಂದ ಆ ದಾರಿ ಮುಚ್ಚಿತು. ಜೊತೆಗೆ ಹೋಗಿದ್ದ ಗೆಳತಿ ಆನಂದೀಬಾಯಿ ಭಗತ್ ಅಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಅದೇ ವರ್ಷದ ಸೆಪ್ಟೆಂಬರ್ 29ರಂದು ವಾಂಟೇಜಿನಲ್ಲಿ ರಮಾಬಾಯಿ ಮಗಳೊಂದಿಗೆ ದೀಕ್ಷಾಸ್ನಾನ ಪಡೆದರು. ಲಂಡನ್ನಿನ ಫುಲ್ಹಾಮಿನಲ್ಲಿ ಕನ್ಯಾಸ್ತ್ರೀಯರು ಸಮಾಜದಿಂದ ಹೊರಗಾದ ಹೆಂಗಸರನ್ನು ಉಪಚರಿಸುತ್ತಿದ್ದುದನ್ನು ಕಂಡದ್ದು ಅವರ ಮನಸ್ಸನ್ನು ತಿರುಗಿಸಿದ ಮುಖ್ಯ ಅನುಭವ. ಯೋಹಾನನ ಸುವಾರ್ತೆಯ ಸಮಾರ್ಯದ ಸ್ತ್ರೀಯ ಪ್ರಸಂಗವನ್ನು ಅವರು ಆ ಉಪಚಾರದ ಮೂಲವೆಂದು ಗ್ರಹಿಸಿದರು. ಅವರ ಮಟ್ಟಿಗೆ ಒಂದು ಗ್ರಂಥದ ಸತ್ಯವನ್ನು ಅಳೆಯುವ ಒರೆಗಲ್ಲು, ಅದು ಬಿದ್ದ ಹೆಣ್ಣನ್ನು ಏನು ಮಾಡುತ್ತದೆ ಎಂಬುದೇ ಆಗಿತ್ತು.

ದೀಕ್ಷೆಯ ನಂತರದ ಪತ್ರವ್ಯವಹಾರ ಈ ವಿಶ್ವಾಸದ ಸ್ವರೂಪವನ್ನು ಸ್ಪಷ್ಟಪಡಿಸುತ್ತದೆ. ಸಿಸ್ಟರ್ ಜೆರಾಲ್ಡಿನ್ ಅವರು ಚರ್ಚಿನ ಅಧಿಕಾರಕ್ಕೆ ವಿಧೇಯರಾಗುವಂತೆ ಮತ್ತೆ ಮತ್ತೆ ಒತ್ತಾಯಿಸಿದರು. ತ್ರಿತ್ವದಂಥ ಸಿದ್ಧಾಂತಗಳನ್ನು ಬೈಬಲಿನ ಮಾತಿನಿಂದಲೇ ಸಮರ್ಥಿಸಿ ತೋರಿಸಬೇಕೆಂದು ರಮಾಬಾಯಿ ಪಟ್ಟುಹಿಡಿದರು. ಚೆಲ್ಟನ್‌ಹ್ಯಾಮ್ ಕಾಲೇಜಿನಲ್ಲಿ ಅವರು ಗಂಡಸರಿಗೆ ಪಾಠ ಹೇಳುವುದನ್ನು ಬಿಷಪ್ಪರು ವಿರೋಧಿಸಿದಾಗ ಅದನ್ನೂ ಪ್ರಶ್ನಿಸಿದರು. ಶಿಲುಬೆಯ ಮೇಲಿನ ಬರೆಹ ಲ್ಯಾಟಿನ್ನಿನಲ್ಲೇಕೆ ಇರಬೇಕು, ಸಂಸ್ಕೃತದಲ್ಲೇಕೆ ಇರಬಾರದು ಎಂಬುದು ಅವರ ಇನ್ನೊಂದು ತಕರಾರು. ಒಂದು ಪುರೋಹಿತಶಾಹಿಯಿಂದ ಬಿಡಿಸಿಕೊಂಡು ಬಂದವರು ಮತ್ತೊಂದಕ್ಕೆ ತಲೆಬಾಗಲು ಸಿದ್ಧರಿರಲಿಲ್ಲ. ಸ್ವದೇಶದಲ್ಲಿ ಅವರ ಮತಾಂತರ ಟೀಕೆಗೆ ಗುರಿಯಾದಾಗ ಜ್ಯೋತಿಬಾ ಫುಲೆಯವರು ಅವರ ಪರವಾಗಿ ನಿಂತುದರಲ್ಲಿ ಈ ಕಾರಣದಿಂದ ಆಶ್ಚರ್ಯವಿಲ್ಲ.

ಎರಡನೆಯ ಕ್ಷಾಮ

ಅಮೆರಿಕದ ಪ್ರವಾಸದಲ್ಲಿ, 1887ರಲ್ಲಿ ಪ್ರಕಟಿಸಿದ ಮೇಲ್ಜಾತಿಯ ಹಿಂದೂ ಸ್ತ್ರೀಯ ಕುರಿತ ಇಂಗ್ಲಿಷ್ ಕೃತಿ ಹತ್ತು ವರ್ಷಗಳ ನೆರವನ್ನು ಒದಗಿಸಿಕೊಟ್ಟಿತು. 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ಆರಂಭವಾದ ಶಾರದಾ ಸದನ ಮರುವರ್ಷ ಪುಣೆಗೆ ಸ್ಥಳಾಂತರಗೊಂಡಿತು. ಮತಬೋಧನೆ ಇಲ್ಲವೆಂಬ ಒಪ್ಪಂದವಿದ್ದರೂ, ರಮಾಬಾಯಿಯವರ ಪ್ರಾರ್ಥನೆಯಲ್ಲಿ ಹುಡುಗಿಯರು ಪಾಲ್ಗೊಳ್ಳುತ್ತಾರೆಂಬ ಕಾರಣಕ್ಕೆ ವಿವಾದವೆದ್ದಿತು. ತಿಲಕರ ಕೇಸರಿ ಪತ್ರಿಕೆ ಕಟುವಾಗಿ ಟೀಕಿಸಿತು. 1893ರಲ್ಲಿ ರಾನಡೆ, ಭಂಡಾರ್ಕರ್ ಮೊದಲಾದ ಸಲಹೆಗಾರರು ಹೊರಬಂದರು. ಪಾಲಕರು ಹಲವು ಹುಡುಗಿಯರನ್ನು ಬಿಡಿಸಿಕೊಂಡು ಹೋದರು. ಒಪ್ಪಂದದ ಗಡಿಯನ್ನು ಅವರು ಎಷ್ಟರಮಟ್ಟಿಗೆ ಪಾಲಿಸಿದರು ಎಂಬ ಪ್ರಶ್ನೆಯನ್ನು ಇಂದಿನ ಓದು ಕೂಡ ತಳ್ಳಿಹಾಕಲಾಗದು.

1896-97ರಲ್ಲಿ ಮಧ್ಯ ಪ್ರಾಂತ್ಯಗಳನ್ನು ಕ್ಷಾಮ ಆವರಿಸಿತು. ಹಣವಿಲ್ಲ, ಅಮೆರಿಕದ ಹತ್ತು ವರ್ಷಗಳ ವಾಗ್ದಾನದ ಅವಧಿ ಮುಗಿಯುತ್ತ ಬಂದಿದೆ, ಪುಣೆಯಲ್ಲಿ ಪ್ಲೇಗು. ಇಪ್ಪತ್ತು ವರ್ಷಗಳ ಹಿಂದೆ ತಾನು ಕಂಡ ಹಸಿವು ಬೇರೆ ಹುಡುಗಿಯರ ಮುಖದಲ್ಲಿ ಮತ್ತೆ ಎದುರಾಯಿತು. ದೇವರು ಒದಗಿಸುವನೆಂದು ನಂಬಿ ಅವರು ಕ್ಷಾಮಪ್ರದೇಶಕ್ಕೆ ಹೊರಟರು. ಅವರು ಕರೆತಂದ ನೂರಾರು ಹುಡುಗಿಯರನ್ನು ಪ್ಲೇಗಿನ ನಿರ್ಬಂಧಗಳಿಂದಾಗಿ ನಗರದಲ್ಲಿ ಇರಿಸಿಕೊಳ್ಳಲಾಗಲಿಲ್ಲ. ಕೇಡಗಾಂವಿನಲ್ಲಿ ತೋಟಕ್ಕೆಂದು ಕೊಂಡಿದ್ದ ಜಮೀನಿನಲ್ಲಿ ಮುಕ್ತಿ ಸದನ ತಲೆಯೆತ್ತಿತು. 1900ರ ಗುಜರಾತಿನ ಕ್ಷಾಮದ ನಂತರ ಅಲ್ಲಿನವರ ಸಂಖ್ಯೆ ಎರಡು ಸಾವಿರದ ಹತ್ತಿರ ಬಂದಿತು.

ಎರಡು ಕ್ಷಾಮಗಳ ನಡುವಿನ ವ್ಯತ್ಯಾಸ ಇಲ್ಲಿ ಗಮನಾರ್ಹ. ಎರಡೂ ಸಂದರ್ಭಗಳಲ್ಲಿ ನಾಳೆಯ ಊಟ ಖಚಿತವಿರಲಿಲ್ಲ, ಎರಡರಲ್ಲೂ ಪ್ರಾರ್ಥನೆಯಿತ್ತು. ಮೊದಲನೆಯದರಲ್ಲಿ ದೈವವನ್ನು ನಂಬುವುದೆಂದರೆ ಕೈಕಟ್ಟಿ ಕಾಯುವುದಾಗಿತ್ತು. ಕೇಡಗಾಂವಿನಲ್ಲಿ ನಂಬಿದವರೇ ಬಾವಿ ತೋಡಿಸಿದರು, ಹೊಲ ಉತ್ತರು, ಮಗ್ಗದಲ್ಲಿ ನೇಯ್ದರು, ಗಾಣದಲ್ಲಿ ಎಣ್ಣೆ ತೆಗೆದರು, ಅಚ್ಚಿನ ಮೊಳೆ ಜೋಡಿಸಿದರು. ಅಂಧ ಸ್ತ್ರೀಯರು ಬ್ರೈಲ್ ಕಲಿತರು. ತಂದೆಯ ಮನೆಯಲ್ಲಿ ಹೀನವೆನಿಸಿದ್ದ ದೈಹಿಕ ದುಡಿಮೆ ಇಲ್ಲಿ ವಿಶ್ವಾಸದ ಭಾಗವೇ ಆಯಿತು. ದೇವರ ಮೇಲಿನ ಈ ಭರವಸೆ ಸರಕಾರದ ಎದುರು ಮೌನವನ್ನೂ ಬೋಧಿಸಲಿಲ್ಲ. ಪ್ಲೇಗ್ ಆಸ್ಪತ್ರೆಗಳಲ್ಲಿ ಹೆಂಗಸರ ಸುರಕ್ಷತೆ ಕಡೆಗಣಿಸಲ್ಪಟ್ಟುದನ್ನು 1897ರಲ್ಲಿ ಅವರು ಪತ್ರಿಕೆಯಲ್ಲಿ ಬಹಿರಂಗವಾಗಿ ಖಂಡಿಸಿದರು.

ಅನುವಾದ ಎಂಬ ಕೊನೆಯ ಕಾಯಕ

ಬದುಕಿನ ಕೊನೆಯ ಸುಮಾರು ಹದಿನೇಳು ವರ್ಷಗಳನ್ನು ರಮಾಬಾಯಿ ಬೈಬಲನ್ನು ಮರಾಠಿಗೆ ತರಲು ವ್ಯಯಿಸಿದರು. ಮರಾಠಿಯಲ್ಲಿ ಬೈಬಲ್ ಆಗಲೇ ಇತ್ತು. ಅದರ ಸಂಸ್ಕೃತಭೂಯಿಷ್ಠ ಶೈಲಿ ಹೊಸದಾಗಿ ಓದು ಕಲಿತ ಹಳ್ಳಿಯ ಹೆಂಗಸರಿಗೆ ಎಟುಕದೆಂದು ಅವರಿಗೆ ಅನಿಸಿತು. ಮೂಲದಿಂದಲೇ ಅನುವಾದಿಸಲು ಹೀಬ್ರೂ ಮತ್ತು ಗ್ರೀಕ್ ಭಾಷೆಗಳನ್ನು ಕಲಿತರು. ಸಂಸ್ಕೃತ ಪಾಂಡಿತ್ಯಕ್ಕಾಗಿಯೇ ದೇಶದಲ್ಲೆಲ್ಲ ಹೆಸರಾದವರು ಸಂಸ್ಕೃತ ಪದಗಳನ್ನು ಉದ್ದೇಶಪೂರ್ವಕವಾಗಿ ದೂರವಿಟ್ಟು ಆಡುಮಾತಿಗೆ ಹತ್ತಿರವಾದ ಮರಾಠಿಯನ್ನು ಆಯ್ದುಕೊಂಡದ್ದು ಭಾಷಾರಾಜಕಾರಣದ ದೃಷ್ಟಿಯಿಂದಲೂ ಮಹತ್ವದ ಸಂಗತಿ. ತಂದೆ ಪತ್ನಿಯನ್ನು ಸಂಸ್ಕೃತದ ಬಳಿಗೆ ಕರೆದೊಯ್ದಿದ್ದರು. ಮಗಳು ಗ್ರಂಥವನ್ನೇ ಹೆಂಗಸರ ಭಾಷೆಯ ಬಳಿಗೆ ತಂದರು. ಮುಕ್ತಿಯ ಮುದ್ರಣಾಲಯದಲ್ಲಿ ಅದನ್ನು ಅಚ್ಚು ಮಾಡಿದವರೂ ಅಲ್ಲಿನ ಸ್ತ್ರೀಯರೇ.

ಈ ವರ್ಷಗಳೂ ನಿಶ್ಚಿಂತವಾಗಿರಲಿಲ್ಲ. 1905ರಲ್ಲಿ ಮುಕ್ತಿಯಲ್ಲಿ ನಡೆದ ಧಾರ್ಮಿಕ ಜಾಗೃತಿಯ ಭಾವಾವೇಶವನ್ನು ಕ್ರೈಸ್ತರಲ್ಲಿಯೇ ಅನೇಕರು ಅನುಮಾನದಿಂದ ನೋಡಿದರು. ಆ ಕಾಲದ ಅವರ ಬರೆಹಗಳಲ್ಲಿ ಹಿಂದೂ ಧರ್ಮದ ಬಗೆಗಿನ ನಿಲುವು ಕಠಿಣವಾಗಿದ್ದು, ಸುಧಾರಕರೊಡನೆ ಸಂವಾದದ ಅವಕಾಶ ಕಿರಿದಾಯಿತು. ನಿಜಾಮರ ಆಡಳಿತಕ್ಕೆ ಸೇರಿದ್ದ ಗುಲ್ಬರ್ಗದಲ್ಲಿ ಅವರು ಸ್ಥಾಪಿಸಿದ ಶಾಲೆಯ ಹೊಣೆಯನ್ನು ಮಗಳು ಮನೋರಮಾಬಾಯಿ ಹೊತ್ತಿದ್ದರು. ಮುಂದಿನ ಉತ್ತರಾಧಿಕಾರಿಯೆಂದು ನೆಚ್ಚಿದ್ದ ಆ ಮಗಳು 1921ರ ಜುಲೈಯಲ್ಲಿ ತೀರಿಕೊಂಡರು. ಮಗಳ ಸಾವಿನ ನಂತರವೂ ರಮಾಬಾಯಿ ಕರಡು ತಿದ್ದುವ ಕೆಲಸವನ್ನು ನಿಲ್ಲಿಸಲಿಲ್ಲ. 1922ರ ಏಪ್ರಿಲ್ 5ರಂದು ಅವರು ನಿಧನರಾದಾಗ ಅನುವಾದ ಪೂರ್ಣಗೊಂಡಿತ್ತು. ಸಮಗ್ರ ಬೈಬಲ್ ಹೊರಬಂದದ್ದು 1924ರಲ್ಲಿ.

ರಮಾಬಾಯಿಯವರ ವಿಶ್ವಾಸವನ್ನು ನೊಂದ ಜೀವವೊಂದು ಕಂಡುಕೊಂಡ ಆಸರೆಯೆಂದಷ್ಟೇ ವಿವರಿಸಿದರೆ ಅವರೊಳಗಿನ ಓದುಗಾರ್ತಿಗೆ ಅನ್ಯಾಯವಾಗುತ್ತದೆ. ಅವರು ಗ್ರಂಥವನ್ನು ನಂಬಿದರು, ಆದರೆ ತಾವೇ ಓದಿ ನಂಬಿದರು. ದೇವರನ್ನು ನೆಚ್ಚಿದರು, ಆದರೆ ಆ ನೆಚ್ಚಿಕೆಯನ್ನು ಬಾವಿ, ಮಗ್ಗ, ಅಚ್ಚಿನ ಮೊಳೆಗಳಲ್ಲಿ ನಿತ್ಯ ಪರೀಕ್ಷೆಗೆ ಒಡ್ಡಿದರು. ತಮಗೆ ದಕ್ಕಿದ ಓದಿನ ಹಕ್ಕನ್ನು ಕ್ಷಾಮದಿಂದ ಬದುಕಿ ಬಂದ ಹೆಂಗಸರ ಕೈಗೆ ದಾಟಿಸುವುದರಲ್ಲಿ ಅವರ ವಿಶ್ವಾಸ ತನ್ನ ಪೂರ್ಣ ಅರ್ಥವನ್ನು ಪಡೆಯಿತು. ಗಂಗಾಮೂಲದಿಂದ ಕೇಡಗಾಂವಿನವರೆಗಿನ ಈ ದೀರ್ಘ ಪಯಣವನ್ನು ಮತಾಂತರದ ಚರಿತ್ರೆಯ ಜೊತೆಗೆ ಓದಿನ ಚರಿತ್ರೆಯ ಅಧ್ಯಾಯವಾಗಿಯೂ ಪರಿಗಣಿಸಬೇಕಾಗಿದೆ.