ನೀರು ಹೆಪ್ಪುಗಟ್ಟುವಾಗ ಅಣುಗಳ ಲೆಕ್ಕ: ಫ್ರಾನ್ಸ್ವಾ ಮರೀ ರೌಲ್ಟ್

ದ್ವಿತೀಯ ಪಿಯುಸಿಯಲ್ಲಿ ದ್ರಾವಣಗಳ ಪಾಠ ಮಾಡುವವರಿಗೆಲ್ಲ ರೌಲ್ಟ್ ನಿಯಮ ಗೊತ್ತು. ಆ ಹೆಸರಿನ ವ್ಯಕ್ತಿ ಬಹುಕಾಲ ಶಾಲೆಗಳಲ್ಲಿ ಪಾಠ ಮಾಡಿದವರು ಎಂಬುದು ಅಷ್ಟಾಗಿ ಗೊತ್ತಿಲ್ಲ. (ಫ್ರೆಂಚರು ಅವರನ್ನು ರಾಊಲ್ ಎನ್ನುತ್ತಾರೆ. ನಾನು ನಮ್ಮ ರೂಢಿಯ ಉಚ್ಚಾರವನ್ನೇ ಬಳಸಿದ್ದೇನೆ.)

ರೌಲ್ಟ್ ಹುಟ್ಟಿದ್ದು 1830ರಲ್ಲಿ, ಉತ್ತರ ಫ್ರಾನ್ಸಿನಲ್ಲಿ. ಹಲವು ಊರುಗಳಲ್ಲಿ ಶಿಕ್ಷಕರಾಗಿದ್ದು, ಆ ಕೆಲಸದ ನಡುವೆಯೇ ಪ್ರಬಂಧ ಸಿದ್ಧಪಡಿಸಿ 1863ರಲ್ಲಿ ಪ್ಯಾರಿಸ್ಸಿನಿಂದ ಡಾಕ್ಟರೇಟ್ ಪಡೆದರು. ವಿಷಯ ವಿದ್ಯುತ್ ಕೋಶಗಳದ್ದು, ದ್ರಾವಣಗಳದ್ದಲ್ಲ. 1867ರಲ್ಲಿ ಗ್ರೆನೋಬಲ್‌ಗೆ ಹೋದರು, 1870ರಲ್ಲಿ ಅಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕರಾದರು, ಕೊನೆಯವರೆಗೂ ಅಲ್ಲೇ ಉಳಿದರು.

ಉಪ್ಪು ಹಾಕಿದ ನೀರು ಸೊನ್ನೆ ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ, ಉಪ್ಪು ಹೆಚ್ಚಿದಷ್ಟೂ ಆ ಇಳಿಕೆ ಹೆಚ್ಚುತ್ತದೆ ಎಂದು ಇಂಗ್ಲೆಂಡಿನ ಬ್ಲ್ಯಾಗ್ಡೆನ್ 1788ರಲ್ಲೇ ತೋರಿಸಿದ್ದರು. ಆಮೇಲಿನವರೂ ಹೆಚ್ಚಾಗಿ ಲವಣಗಳನ್ನೇ ಅಳೆದರು. ಒಂದೊಂದು ಲವಣಕ್ಕೆ ಒಂದೊಂದು ಲೆಕ್ಕ ಬಂತು, ಎಲ್ಲಕ್ಕೂ ಹೊಂದುವ ನಿಯಮ ಸಿಗಲಿಲ್ಲ. ರೌಲ್ಟ್ 1880ರ ದಶಕದ ಆರಂಭದಲ್ಲಿ ಸಕ್ಕರೆ, ಯೂರಿಯಾ, ಆಲ್ಕೋಹಾಲ್‌ನಂಥ ಸಾವಯವ ವಸ್ತುಗಳ ಕಡೆ ತಿರುಗಿದರು. ನನ್ನ ದೃಷ್ಟಿಯಲ್ಲಿ ಅವರ ಬದುಕಿನ ದೊಡ್ಡ ನಿರ್ಧಾರ ಇದೇ.

ಅಳತೆ ಸುಲಭವಲ್ಲ. ದ್ರಾವಣದಿಂದ ಮೊದಲು ಬೇರ್ಪಡುವುದು ಬರೀ ನೀರಿನ ಹರಳು. ಉಳಿದ ದ್ರಾವಣ ಗಟ್ಟಿಯಾಗುತ್ತ, ಉಷ್ಣತೆ ಇನ್ನೂ ಇಳಿಯುತ್ತ ಹೋಗುತ್ತದೆ. ಆದ್ದರಿಂದ ಚೆನ್ನಾಗಿ ಕಲಕುತ್ತ, ಹರಳು ಕಾಣಿಸತೊಡಗಿದಾಗಲೇ ಉಷ್ಣತೆಯನ್ನು ಗುರುತಿಸಬೇಕು. ಅದೂ ಡಿಗ್ರಿಯ ಸಣ್ಣ ಸಣ್ಣ ಭಾಗಗಳಲ್ಲಿ.

1 ಕಿಲೋಗ್ರಾಂ ನೀರಿಗೆ 6 ಗ್ರಾಂ ಯೂರಿಯಾ ಹಾಕಿ, 18 ಗ್ರಾಂ ಗ್ಲೂಕೋಸ್ ಹಾಕಿ, 34.2 ಗ್ರಾಂ ಸಕ್ಕರೆ ಹಾಕಿ, ಇಳಿಕೆ ಸುಮಾರು 0.186 ಡಿಗ್ರಿಯೇ. ತೂಕ ಬೇರೆ, ರುಚಿ ಬೇರೆ, ಆದರೆ ಅಣುಗಳ ಸಂಖ್ಯೆ ಒಂದೇ. ಹಾಗಾದರೆ ಇಳಿಕೆಯನ್ನು ಅಳೆದು ಗೊತ್ತಿಲ್ಲದ ವಸ್ತುವಿನ ಅಣುತೂಕವನ್ನೂ ಹೇಳಬಹುದು. ಆವಿಯಾಗಿಸಲು ಹೋದರೆ ಕೆಟ್ಟುಹೋಗುವ ವಸ್ತುಗಳ ಅಣುತೂಕಕ್ಕೆ ರಸಾಯನಜ್ಞರಿಗೆ ದಾರಿ ಸಿಕ್ಕಿತು. 1887ರ ಹೊತ್ತಿಗೆ ಅವರು ಆವಿ ಒತ್ತಡದ ನಿಯಮವನ್ನೂ ಕಂಡರು: ದುರ್ಬಲ ದ್ರಾವಣದಲ್ಲಿ ದ್ರಾವಕದ ಆವಿ ಒತ್ತಡ ಎಷ್ಟು ಪಾಲು ತಗ್ಗುತ್ತದೆ ಎಂಬುದನ್ನು ಒಟ್ಟು ಅಣುಗಳಲ್ಲಿ ದ್ರಾವ್ಯದ ಪಾಲೇ ನಿರ್ಧರಿಸುತ್ತದೆ. ದ್ರಾವಣ ಕುದಿಯಲು ಹೆಚ್ಚು ಉಷ್ಣತೆ ಬೇಕಾಗುವುದೂ ಇದರಿಂದಲೇ.

ಉಪ್ಪು ಮಾತ್ರ ಲೆಕ್ಕ ತಪ್ಪಿಸುತ್ತಿತ್ತು. ಅದೇ ಲೆಕ್ಕದಲ್ಲಿ 5.85 ಗ್ರಾಂ ಹಾಕಿದರೆ ಇಳಿಕೆ ಹತ್ತಿರ ಹತ್ತಿರ ಎರಡರಷ್ಟು. ಉಪ್ಪು ನೀರಿನಲ್ಲಿ ಎರಡು ಅಯಾನುಗಳಾಗಿ ಒಡೆಯುತ್ತದೆ ಎಂದು ಸ್ವೀಡನ್ನಿನ ಅರ‍್ಹೀನಿಯಸ್ 1887ರಲ್ಲಿ ವಾದಿಸಿದಾಗ ರೌಲ್ಟ್‌ರ ಅಂಕಿಗಳು ಅವರಿಗೆ ಸಾಕ್ಷಿಯಾದವು. ನಾವೋ ತರಗತಿಯಲ್ಲಿ ಈ ಪಾಠವನ್ನು ಮಂಜುಗಡ್ಡೆಗೆ ಉಪ್ಪು ಹಾಕಿಯೇ ಶುರುಮಾಡುತ್ತೇವೆ, ಎಂದರೆ ತೊಡಕಿನ ತುದಿಯಿಂದ. ಸಕ್ಕರೆ, ಯೂರಿಯಾ ಮೊದಲು ಬಂದು ಉಪ್ಪು ಆಮೇಲೆ ಬಂದರೆ, ಈ ಎರಡರಷ್ಟು ಏಕೆ ಎಂದು ಮಕ್ಕಳೇ ಕೇಳುತ್ತಾರೆ.

1892ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ರೌಲ್ಟ್‌ರಿಗೆ ಡೇವಿ ಪದಕ ಕೊಟ್ಟಿತು. 1901ರ ಏಪ್ರಿಲ್ 1ರಂದು ಅವರು ಗ್ರೆನೋಬಲ್‌ನಲ್ಲಿ ತೀರಿಕೊಂಡರು. ಹೆಪ್ಪುಗಟ್ಟುವಿಕೆಯ ಅಳತೆಗಳನ್ನು ಕುರಿತ ಅವರ ಪುಸ್ತಕ ಹೊರಬಂದದ್ದೂ ಅದೇ ವರ್ಷ.